ಬಾಡಿಗೆ ಮನೆಗಳ ಗೌರಕ್ಕ

ಗೌರಕ್ಕ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಗೋಡೆಯನ್ನು, ಆಮೇಲೆ ಮನೆಯವರನ್ನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು, "ಬಾ, ಕೂತ್ಕೋ" ಅನ್ನುವುದರೊಳಗೆ ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಅಲ್ಲೊಂದು ಕಡೆ ಇಲ್ಲೊಂದು ಕಡೆ ಕುಟ್ಟಿ ಕಿವಿ ಕೊಡುತ್ತಿದ್ದಳು. ಟೊಳ್ಳು ಸದ್ದು ಬಂದರೆ ಮುಖ ಸಪ್ಪಗಾಗುತ್ತಿತ್ತು. "ಗಾರೆ ಬಿಟ್ಟೈತೆ ಕಣ್ರೀ, ಈ ಮಳೆಗಾಲಕ್ಕೆ ಉದುರ್ತದೆ" ಅಂತ ಹೇಳಿಯೇ ಕೂರುವಳು. ನನ್ನ ಮಗನ ನಾಮಕರಣಕ್ಕೆ ಬಂದಾಗಲೂ ಹಾಗೇ. ಒಂದು ಕೈಯಲ್ಲಿ ಮಗುವಿಗೆ ತಂದ ಅಂಗಿ, ಇನ್ನೊಂದು ಕೈ ಗೋಡೆಯ ಮೇಲೆ. ನಮ್ಮತ್ತೆ ನನ್ನನ್ನು ಅಡಿಗೆಮನೆಗೆ ಕರೆದು, "ಯಾರೇ ಇವಳು, ಮನೆ ಕ್ರಯಕ್ಕೆ ಬಂದೋರ ಹಂಗೆ ಕುಟ್ಟಿ ಕುಟ್ಟಿ ನೋಡ್ತಾಳಲ್ಲ?" ಎಂದು ಕೇಳಿದ್ದರು. ಯಾರ ಮನೆಯನ್ನೂ ಕ್ರಯಕ್ಕೆ ತೆಗೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಅವಳು ನಮ್ಮ ಹಾಗೇ ಬಾಡಿಗೆಗೆ ಇದ್ದವಳು.

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ತಾವು ಹುಟ್ಟಿ ಬೆಳೆದ ಹೆಂಚಿನ ಮನೆಗೆ ನಡುವೆ ಒಂದು ಗೋಡೆ ಎಬ್ಬಿಸಿ ಎರಡು ಬಾಡಿಗೆ ಮನೆ ಮಾಡಿದ್ದರು. ಬಲಗಡೆಯದರಲ್ಲಿ ನಾವಿದ್ದೆವು. ನಾನು ಹತ್ತಿರದಲ್ಲೇ ಒಂದು ನರ್ಸರಿ ಶಾಲೆಯಲ್ಲಿ ಟೀಚರು, ನನ್ನ ಯಜಮಾನರು ಕೆಲಸಕ್ಕೆ ದಿನಾ ತರೀಕೆರೆಗೆ ಹೋಗಿ ಬರುವವರು. ಎಡಗಡೆ ಮನೆಗೆ ಗೌರಕ್ಕ ಬಂದಳು. ಗಂಡ ಶಿವಣ್ಣ ತೆಂಗಿನಕಾಯಿ ಮಂಡಿಗೆ ಲಗೇಜ್ ಆಟೋ ಓಡಿಸುತ್ತಿದ್ದ. ಮಂಡಿನೋವಿನ ಅತ್ತೆ ನಂಜಮ್ಮಜ್ಜಿ, ಹೈಸ್ಕೂಲಿಗೆ ಹೋಗುವ ಮಗಳು ಸಹನಾ, ಅವಳಿಗಿಂತ ಚಿಕ್ಕವನು ಮನು. ಗೌರಕ್ಕ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ನಾನು ಟೀಚರು ಅಂತ ಗೊತ್ತಾದ ದಿನದಿಂದ ನನ್ನ ಹೆಸರು "ಮಿಸ್ಸು" ಆಯಿತು.

"ಇದು ಎಷ್ಟನೇ ಮನೆ ಗೌರಕ್ಕ?" ಎಂದು ಒಮ್ಮೆ ಕೇಳಿದ್ದೆ. ಅವಳು ಮನೆಗಳನ್ನು ಕಳೆದುಹೋದ ದನಗಳ ಹಾಗೆ ನೆನೆಸಿಕೊಳ್ಳುತ್ತಿದ್ದಳು. ಮದುವೆಯಾಗಿ ತವರೂರು ಯಗಟಿ ಬಿಟ್ಟ ಮೇಲೆ ಮೊದಲು ಅಜ್ಜಂಪುರದಲ್ಲಿ. "ಅಲ್ಲಿ ಹಿತ್ಲು ಅನ್ನೋದು ಕೆಸರುಗುಂಡಿ ಕಣೇ. ಯಾರೋ ಬಿಸಾಕಿದ್ದ ಚಪ್ಪಡಿ ಕಲ್ಲು ಆಯ್ದು ತಂದು ಹಾಸ್ದೆ. ಕಿಟಕಿಗೆ ಜಾಲರಿ ಹೊಡ್ದೆ. ಓನರಮ್ಮ ಬಂದು ನೋಡಿ, ಎಷ್ಟ್ ಚೆಂದ ಮಾಡಿದೀಯ ಗೌರಿ ಅಂತ ಕೆನ್ನೆ ಸವರಿದ್ಲು. ಆಮೇಲೆ ಮಗನ ಮದುವೆ ಅಂತೆ, ಮನೆ ಬೇಕಂತೆ." ಆಮೇಲೆ ತರೀಕೆರೆ. ಅಲ್ಲಿ ಇವಳು ಗೋಡೆಗೆಲ್ಲ ಬಣ್ಣ ಬಳಿದು ಮುಂದೆ ದಾಸವಾಳ ಹಚ್ಚಿದಳು. ದಾಸವಾಳ ಹೂಬಿಡುವ ಹೊತ್ತಿಗೆ ಮನೆಯನ್ನು ನೋಡಿ ಮೆಚ್ಚಿ ಯಾರೋ ಕ್ರಯಕ್ಕೆ ಕೇಳಿದರು, ಓನರು ಮಾರಿಬಿಟ್ಟ. ಎರಡು ಸಲವೂ ಸಹನಾಳಿಗೆ ನಡುವರ್ಷದಲ್ಲಿ ಶಾಲೆ ತಪ್ಪಿತ್ತು. "ಕೊಳಕಾಗಿದ್ರೆ ಯಾರಿಗೂ ಬೇಡ. ಚೆಂದ ಮಾಡ್ದೆ ಅಂದ್ರೆ ಬಿಡು, ನಮ್ಮದೇ ಅಂತ ಬಂದ್ಬಿಡ್ತಾರೆ" ಎನ್ನುತ್ತಿದ್ದಳು. ಈ ಸಲ ಮಾತ್ರ ಅವಳು ಪಟ್ಟು ಹಿಡಿದಿದ್ದಳು. ಮಗಳು ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಈ ಮನೆ ಬಿಡುವ ಹಾಗಿಲ್ಲ. ಆಮೇಲೆ ಹೇಗಾದರೂ ಮಾಡಿ ತನ್ನದು ಅನ್ನುವ ಒಂದು ಸೂರು, ಯಾರೂ ಬಂದು "ಖಾಲಿ ಮಾಡಮ್ಮ" ಅನ್ನದಂಥದ್ದು. ಅವಳ ಆಸೆ ಇಷ್ಟೇ ಇತ್ತು.

ಹಾಗಾದರೆ ಸುಮ್ಮನಿರಬೇಕಿತ್ತಲ್ಲ? ಅದು ಅವಳ ಕೈಲಾಗದ ಕೆಲಸ. ಕೊಳಕು ಗೋಡೆ ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಕೈಯಲ್ಲಿ ದುಡ್ಡಿಲ್ಲ, ಅದಕ್ಕಿಂತ ಹೆಚ್ಚಾಗಿ ಹೊತ್ತಿಲ್ಲ. ಬೆಳಿಗ್ಗೆ ನೀರು ಹಿಡಿದು, ಎಲ್ಲರ ಡಬ್ಬಿ ಕಟ್ಟಿ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ, ಶಾಲೆಗೆ ಓಡಿ, ಅಷ್ಟು ಮಕ್ಕಳಿಗೆ ಬೇಯಿಸಿ ಬಡಿಸಿ, ಪಾತ್ರೆ ತಿಕ್ಕಿ ಬರುವವಳು. ಬಂದವಳು ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು, ಅದು ಕುದಿಯುವಷ್ಟರಲ್ಲಿ ಒಂದು ಮೂಲೆಗೆ ಬಣ್ಣ ಬಳಿದಿರುತ್ತಿದ್ದಳು. ಹಾಗೆ ಮೂಲೆ ಮೂಲೆಯಾಗಿ ಒಂದು ಗೋಡೆ ಮುಗಿಯಲು ತಿಂಗಳು ಹಿಡಿಯುತ್ತಿತ್ತು. ಅವರ ಮನೆಯ ಮುದ್ದೆಯಲ್ಲಿ ಪೇಂಟಿನ ವಾಸನೆ ಬರುತ್ತದೆಂದು ಶಿವಣ್ಣ ನಮ್ಮ ಯಜಮಾನರ ಹತ್ತಿರ ಗೋಳು ಹೇಳಿಕೊಂಡದ್ದುಂಟು.

ಬಣ್ಣ ಕೊಂಡದ್ದಂತೂ ನಾನು ನೋಡಲಿಲ್ಲ. ಹೊಸ ಬಡಾವಣೆಯಲ್ಲಿ ಯಾರ ಮನೆಗೆ ಪೇಂಟ್ ಆಗುತ್ತಿದ್ದರೂ ಶಾಲೆಯಿಂದ ಬರುವಾಗ ಅಲ್ಲಿ ನಿಂತು, "ಅಣ್ಣಾ, ಡಬ್ಬದ ತಳದಾಗೆ ಉಳಿದಿದ್ರೆ ಚೆಲ್ಲಬ್ಯಾಡ್ರಪ್ಪ" ಎಂದು ಹೇಳಿಟ್ಟು ಬರುವಳು. ಒಬ್ಬರ ಹಸಿರು, ಇನ್ನೊಬ್ಬರ ಹಳದಿ, ಮತ್ತೊಬ್ಬರ ಕೆನೆ ಬಣ್ಣ ಎಲ್ಲ ಬಕೆಟ್ಟಿಗೆ ಸುರಿದು ಕೋಲಿನಿಂದ ತಿರುವಿದರೆ ಯಾವ ಅಂಗಡಿಯಲ್ಲೂ ಸಿಗದ ಒಂದು ಬಣ್ಣ ಹುಟ್ಟುತ್ತಿತ್ತು. "ಇದಕ್ಕೇನಂತಾರೆ ಗೌರಕ್ಕ?" ಎಂದರೆ, "ಸಿಕ್ಕಿದ್ ಬಣ್ಣ ಅಂತಾರೆ, ಸುಮ್ಕಿರೇ" ಎಂದು ಗದರುವಳು. ನಡುಮನೆಯ ಗೋಡೆಗೆ ಬಂದ ಬಣ್ಣವನ್ನು ನೋಡಿ ನಂಜಮ್ಮಜ್ಜಿ, "ಹುಳ್ಳಿಸಾರು ಬಳಿದಂಗೈತೆ" ಎಂದುಬಿಟ್ಟಿತು. ಆದರೆ ಮೇಲಿನಿಂದ ಹಳೆ ಸೀರೆಯ ಜರಿ ಅಂಚನ್ನು ಅಂಟಿಸಿ, ಮಂಡಿಯಿಂದ ಬಂದ ಗೋಣಿಚೀಲ ಒಗೆದು ಹೊಲಿದ ಜಮಖಾನೆ ಹಾಸಿ, ಹಳೇ ಬಾಗಿಲಿನ ಹಲಗೆಯಿಂದ ಸಹನಾಳಿಗೆ ಓದುವ ಮೇಜು ಮಾಡಿ ಕಿಟಕಿಯ ಪಕ್ಕ ಇಟ್ಟ ಮೇಲೆ, ಆ ಹುಳ್ಳಿಸಾರೇ ಎಷ್ಟು ಚೆಂದ ಕಂಡಿತೆಂದರೆ ನನಗೆ ನಮ್ಮ ಮನೆಗೆ ವಾಪಸು ಹೋಗಲು ಬೇಜಾರಾಯಿತು. ನಮ್ಮ ಮನೆಯಲ್ಲೂ ಅದೇ ಕಿಟಕಿ, ಅದೇ ಗೋಡೆ. ನನಗೆ ಕಂಡಿರಲಿಲ್ಲ.

ಫ್ಲೆಕ್ಸಿನ ಪ್ರಸಂಗವನ್ನು ಹೇಳದಿದ್ದರೆ ಗೌರಕ್ಕನ ಚಿತ್ರ ಪೂರ್ತಿಯಾಗುವುದಿಲ್ಲ. ಹೆಂಚಿನ ಸಂದಿಯಿಂದ ಉದುರುವ ದೂಳು, ಇಲಿ ಹಿಕ್ಕೆ ಎಲ್ಲ ನಂಜಮ್ಮಜ್ಜಿಯ ಹಾಸಿಗೆಯ ಮೇಲೇ ಬೀಳುತ್ತಿತ್ತು. ಶಿವಣ್ಣ ಎಲ್ಲಿಂದಲೋ ಒಂದು ದೊಡ್ಡ ಫ್ಲೆಕ್ಸ್ ಬ್ಯಾನರ್ ತಂದ. ಊರಿನ ಯಾವನೋ ಪುಢಾರಿಯ ಹುಟ್ಟುಹಬ್ಬದ್ದು. ಗೌರಕ್ಕ ಅದರ ಚಿತ್ರವಿರುವ ಮಗ್ಗುಲನ್ನು ಮೇಲೆ ಮಾಡಿ, ಬಿಳಿ ಮಗ್ಗುಲನ್ನು ಕೆಳಗೆ ಮಾಡಿ, ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿ ತೊಲೆಗಳಿಗೆ ಬಿಗಿದಳು. ತಾರಸಿ ಮನೆಯ ಹಾಗೆ ಬೆಳ್ಳಗೆ ಕಂಡಿತು. ನಾವಿಬ್ಬರೂ ಕೈ ತೊಳೆದು ಟೀ ಕುಡಿದೆವು.

ಮಾರನೆಯ ದಿನ ಮಧ್ಯಾಹ್ನ ನಂಜಮ್ಮಜ್ಜಿ ಕಿಟಾರನೆ ಕಿರುಚಿತು. ನಾನು ಓಡಿ ಹೋದರೆ ಅಜ್ಜಿ ಮಲಗಿದಲ್ಲೇ ಸೆರಗು ಸರಿಮಾಡಿಕೊಳ್ಳುತ್ತ, "ಯಾವನೇ ಅವನು, ಮಲಗಿರೋ ಹೆಂಗಸ್ರನ್ನ ಇಣುಕಿ ನೋಡ್ತಾನೆ!" ಎನ್ನುತ್ತಿದೆ. ತಲೆ ಎತ್ತಿ ನೋಡಿದೆ. ಹೆಂಚುಗಳ ನಡುವೆ ಬೆಳಕಿಗೆಂದು ಹಾಕಿದ್ದ ಗಾಜಿನ ಹೆಂಚೊಂದಿತ್ತು. ಬಿಸಿಲು ನೆತ್ತಿಗೆ ಬಂದಾಗ ಅದರಿಂದ ಬೆಳಕು ಬಿದ್ದು ಪುಢಾರಿಯ ಮುಖ ಫ್ಲೆಕ್ಸಿನೊಳಗಿಂದ ಹಲ್ಲು ಬಿಟ್ಟುಕೊಂಡು, ಕೈ ಮುಗಿದುಕೊಂಡು, ಅಜ್ಜಿಯ ನೇರಕ್ಕೆ ಮೇಲೆ ಮೂಡಿತ್ತು. ಅವನ ಹೆಸರೂ ತಿರುಗುಮುರುಗಾಗಿ ಹೊಳೆಯುತ್ತಿತ್ತು. ಸಂಜೆ ಬಂದ ಗೌರಕ್ಕ ನಕ್ಕು ನಕ್ಕು ನೆಲದ ಮೇಲೆ ಕೂತಳು. ನಾಲ್ಕು ದಿನ ಬಿಟ್ಟು ತನ್ನ ಹಳದಿ ಸೀರೆಯೊಂದನ್ನು ಅದರಡಿ ಕಟ್ಟಿದಳು. ಬಿಸಿಲಿಗೆ ಕೋಣೆಯೆಲ್ಲ ಹೊಂಬಣ್ಣವಾಗತೊಡಗಿತು. ಅಜ್ಜಿಗೆ ಅದರಲ್ಲೂ ಸಮಾಧಾನವಿಲ್ಲ. "ಪಾಪ, ದಿನಾ ಹೊತ್ತಿಗೆ ಸರಿಯಾಗಿ ಬಂದು ಕೈ ಮುಗೀತಿದ್ದ. ಈ ಮನೇಲಿ ಇನ್ಯಾರು ನನ್ನ ಮುಖ ನೋಡ್ತಾರೆ?" ಎಂದು ವಾರವಿಡೀ ಚುಚ್ಚಿತು.

ಮನೆ ಹೀಗೆ ಒಳಗೊಳಗೇ ಚೆಂದವಾಗುತ್ತ ಹೋದಂತೆ ಗೌರಕ್ಕನ ಭಯವೂ ಬೆಳೆಯಿತು. ಹೊರಗೋಡೆಯನ್ನು ಮಾತ್ರ ಅವಳು ಬೇಕೆಂದೇ ಮುಟ್ಟಲಿಲ್ಲ. ಬೀದಿಯಿಂದ ನೋಡಿದರೆ ಪಾಚಿ ಕಟ್ಟಿದ, ಸುಣ್ಣ ಉದುರಿದ ಹಳೇ ಮನೆ. ತಿಂಗಳ ಮೊದಲಲ್ಲಿ ಬಾಡಿಗೆಗೆ ಮೇಷ್ಟ್ರು ಬರುವಾಗ ಅವರು ಮೊದಲು ದಾಟುವುದು ನಮ್ಮ ಕಿಟಕಿಯನ್ನು. ನಾನು ಜೋರಾಗಿ ಕೆಮ್ಮಬೇಕು. ಆ ಕೆಮ್ಮು ಕೇಳಿದ ತಕ್ಷಣ ಗೌರಕ್ಕ ಬಾಗಿಲಿಗೆ ಹರಕು ಕಂಬಳಿ ಎಳೆದು, ಬಾಡಿಗೆ ಹಿಡಿದುಕೊಂಡು ಜಗಲಿಗೆ ಬಂದು ನಿಂತಿರುತ್ತಿದ್ದಳು. ಮೇಷ್ಟ್ರು ನೀರು ಕೇಳಿದರೆ ಜಗಲಿಗೇ ನೀರು. ಕೂರುತ್ತೇನೆ ಅಂದರೆ ಜಗಲಿಯಲ್ಲೇ ಚಾಪೆ. ಒಮ್ಮೆ ಇದ್ದಕ್ಕಿದ್ದಂತೆ ಮಳೆ ಸುರಿದು ಮೇಷ್ಟ್ರು ಒಳಗೇ ನುಗ್ಗಿಬಿಟ್ಟರು. ಗೌರಕ್ಕ ಮೇನ್ ಸ್ವಿಚ್ ಇಳಿಸಿ, ಕಿಟಕಿ ಮುಚ್ಚಿ, "ಕರೆಂಟಿಲ್ಲ ಸಾರ್" ಎಂದು ಅವರನ್ನು ಕತ್ತಲಲ್ಲಿ ಕೂರಿಸಿದ್ದಳು. ನಮ್ಮ ಮನೆಯ ದೀಪ ಉರಿಯುತ್ತಿದ್ದದ್ದು ಅವರಿಗೆ ಕಾಣಲಿಲ್ಲವೋ, ಕಂಡೂ ಸುಮ್ಮನಾದರೋ. "ಆ ಹೆಣ್ಣುಮಗಳಿಗೆ ಬಂದೋರನ್ನ ಕರೆದು ಕೂರಿಸೋದು ಗೊತ್ತಿಲ್ಲಮ್ಮ" ಎಂದು ನನ್ನ ಹತ್ತಿರ ನೊಂದುಕೊಂಡರು. ಮೇಷ್ಟ್ರು ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ಈಗ ಬೈದುಕೊಳ್ಳಲಾದರೂ ಆಗುತ್ತಿತ್ತು.

ಮನೆ ಬಯಲಾದದ್ದು ಸಹನಾಳಿಂದ. ಅವಳು ಹತ್ತನೇ ಕ್ಲಾಸಿನಲ್ಲಿದ್ದಳು. ಗೆಳತಿಯರೆಲ್ಲ ತಮ್ಮ ತಮ್ಮ ಮನೆಯ, ಹೊಸ ಬಟ್ಟೆಯ ವಿಡಿಯೊ ಹಾಕುತ್ತಿದ್ದರು. ಈ ಹುಡುಗಿಗೆ ತೋರಿಸಲು ಏನಿತ್ತು? ಅಮ್ಮ ಮಾಡಿದ ಮನೆಯಿತ್ತು. ಈ ಮನೆಗೆ ಬಂದ ಹೊಸದರಲ್ಲಿ ತೆಗೆದಿದ್ದ ಹಳೇ ಗೋಡೆಯ ಫೋಟೊಗಳು ಅಪ್ಪನ ಫೋನಿನಲ್ಲಿದ್ದವು. ಅವನ್ನು ಮೊದಲು ಇಟ್ಟು, ಆಮೇಲೆ ಈಗಿನ ಗೋಡೆ, ಹಳದಿ ಸೀರೆಯ ಸೂರು, ಓದುವ ಮೇಜು, ಕೊನೆಗೆ ಬಕೆಟ್ಟಿನಲ್ಲಿ ಬಣ್ಣ ತಿರುವುತ್ತಿರುವ ಅಮ್ಮ, ಹೀಗೆ ಜೋಡಿಸಿ ರೀಲ್ಸ್ ಮಾಡಿ ಹಾಕಿದಳು. "ನಮ್ಮಮ್ಮ ದುಡ್ಡಿಲ್ಲದೆ ಮಾಡಿದ ಮನೆ" ಎಂದು ಬರೆದಿದ್ದಳು. ಅದನ್ನು ಊರೆಲ್ಲ ನೋಡಿತು. ಶಾಲೆಯಲ್ಲಿ ನನ್ನ ಜೊತೆಯ ಟೀಚರುಗಳೂ ತೋರಿಸಿದರು. ಹಾಗೇ ಸುತ್ತುತ್ತ ಮೇಷ್ಟ್ರ ಶಿವಮೊಗ್ಗದ ಸೊಸೆಯ ಫೋನಿಗೂ ಹೋಯಿತು. ಅವಳು ಅದನ್ನು ಮಾವನಿಗೆ ಕಳಿಸಿ, "ಇದು ನಮ್ಮನೆ ಅಲ್ವಾ?" ಎಂದಳಂತೆ.

ಆ ಸಲ ನಾನು ಕೆಮ್ಮಿದರೂ ಮೇಷ್ಟ್ರು ಜಗಲಿಯಲ್ಲಿ ನಿಲ್ಲಲಿಲ್ಲ. ಕಂಬಳಿ ಸರಿಸಿ ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಅವರು ನಡುಮನೆಯಲ್ಲಿ ನಿಂತು ಸುತ್ತ ನೋಡಿದರು, ಗೋಡೆ ಸವರಿದರು, ಕಿಟಕಿಯ ಪಕ್ಕದ ಮೇಜಿನ ಹತ್ತಿರ ಸುಮಾರು ಹೊತ್ತು ನಿಂತರು. "ನಮ್ಮವ್ವ ಇದ್ದಾಗ ಈ ಮನೇಲಿ ಇಂಥ ಬೆಳಕಿತ್ತು ಕಣಮ್ಮ. ಆಮೇಲೆ ನಾನೇ ಇದನ್ನ ನೋಡಿರಲಿಲ್ಲ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಗೌರಕ್ಕ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮೇಷ್ಟ್ರು ಹೊಗಳಲು ಶುರುಮಾಡಿದಾಗಲೇ ಅವಳಿಗೆ ಗೊತ್ತಾಗಿತ್ತು. ಮಗ ಸೊಸೆ ಊರಿಗೆ ಬರುತ್ತಾರಂತೆ, ಹೊಸದಾಗಿ ಕಟ್ಟಿಸುವುದು ಬೇಡ, ಈ ಭಾಗವೇ ಸಾಕು ಅನ್ನುತ್ತಾರಂತೆ. ಸಹನಾಳ ಪರೀಕ್ಷೆ ಮುಗಿಯುವವರೆಗೂ ಇರಿ, ಆತುರವಿಲ್ಲ ಎಂದರು. ನಮ್ಮ ಭಾಗವನ್ನು ಯಾರೂ ಕೇಳಲಿಲ್ಲ. ಕೇಳುವ ಹಾಗೆ ಅದರಲ್ಲಿ ನಾವು ಏನೂ ಮಾಡಿರಲಿಲ್ಲ.

ಸಹನಾ ಎರಡು ದಿನ ಊಟ ಮಾಡಲಿಲ್ಲ. "ಬಯ್ಯಮ್ಮ, ಹೊಡಿಯಮ್ಮ" ಎಂದು ಅಮ್ಮನ ಸೆರಗು ಹಿಡಿದು ಅಳುತ್ತಿದ್ದಳು. ಗೌರಕ್ಕ ಬಯ್ಯಲಿಲ್ಲ. ಮಗಳ ತಲೆ ಬಾಚುತ್ತ, "ಅಳಬ್ಯಾಡ. ನಾನು ಇಷ್ಟ್ ಮನೆ ಮಾಡ್ದೆ, ಒಬ್ರಿಗೂ ತೋರ್ಸಾಕೆ ಆಗ್ಲಿಲ್ಲ. ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿತ್ತು ಕಣವ್ವ. ನೀನಾದ್ರೂ ನಮ್ಮಮ್ಮ ಮಾಡಿದ್ದು ಅಂತ ಊರಿಗೆಲ್ಲ ತೋರ್ಸಿದ್ಯಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಆ ವಿಡಿಯೊ ಇನ್ನೊಂದ್ಸಲ ಹಾಕೇ ಮಿಸ್ಸು" ಎಂದಳು. ಫೋನು ಅವಳ ಕೈಗೆ ಕೊಟ್ಟು ಹೊರಗೆ ಬಂದೆ.

ಪರೀಕ್ಷೆ ಮುಗಿದ ಮೇಲೆ ಅವರು ಅಜ್ಜಂಪುರಕ್ಕೆ ಹೋದರು. ಶಿವಣ್ಣನಿಗೆ ಅಣ್ಣತಮ್ಮಂದಿರ ಭಾಗದಲ್ಲಿ ಊರಾಚೆ ಒಂದು ಸೈಟು ಬಂದಿತ್ತು. ಒಂದಷ್ಟು ದಿನ ನೆಂಟರ ಮನೆಯಲ್ಲಿದ್ದುಕೊಂಡು, ಸಾಲಸೋಲ ಮಾಡಿ ಎರಡು ಕೋಣೆ ಎಬ್ಬಿಸಿದರು. ಗೃಹಪ್ರವೇಶಕ್ಕೆ ನನಗೆ ಹೋಗಲಾಗಲಿಲ್ಲ, ಮಗನಿಗೆ ಜ್ವರ. ಮೂರು ವರ್ಷ ಹಾಗೇ ಕಳೆಯಿತು. ಫೋನಿನಲ್ಲಿ ಮಾತಾಡಿದಾಗಲೆಲ್ಲ "ಬಾರೇ, ಸ್ವಂತ ಮನೆ ನೋಡಿಲ್ಲ ನೀನು" ಎನ್ನುವಳು. ಕಡೂರಿನಿಂದ ಅಜ್ಜಂಪುರ ಏನು ದೂರ? ಆದರೂ ಶಾಲೆ, ಮಕ್ಕಳು, ಅತ್ತೆಯ ಆಸ್ಪತ್ರೆ ಎಂದು ದಿನ ಕಳೆದವು. ಕೊನೆಗೆ ಕಳೆದ ವರ್ಷ ಒಂದು ಭಾನುವಾರ ಬಸ್ಸು ಹತ್ತಿದೆ.

ಅವಳ ಮನೆ ಹೇಗಿರಬಹುದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಒಳಗೆ ಕಾಲಿಟ್ಟು ಸುತ್ತ ನೋಡಿದೆ. ಗಿಲಾವು ಆದ ಗೋಡೆಗಳು ಸಿಮೆಂಟಿನ ಬೂದಿ ಬಣ್ಣದಲ್ಲೇ ಇದ್ದವು. ಒಂದು ಪರದೆಯಿಲ್ಲ, ಒಂದು ಮೊಳೆಯಿಲ್ಲ. ನಂಜಮ್ಮಜ್ಜಿ ಇವರು ನೆಂಟರ ಮನೆಯಲ್ಲಿದ್ದಾಗಲೇ ತೀರಿಕೊಂಡಿತ್ತು, ಅದರ ಫೋಟೊ ಸಹ ಟಿವಿಯ ಪಕ್ಕ ನೆಲದ ಮೇಲೆ ಗೋಡೆಗೆ ಒರಗಿತ್ತು.

"ಏನಿದು ಗೌರಕ್ಕ? ನೀನಿರೋ ಮನೇನಾ ಇದು?" ಎಂದುಬಿಟ್ಟೆ.

ಅವಳು ನಕ್ಕಳು. ತೆಳ್ಳಗಾಗಿದ್ದಳು, ಮುಖ ಮಾತ್ರ ಹಾಗೇ ಇತ್ತು. "ಎಲ್ಲಾರೂ ಅದೇ ಕೇಳ್ತಾರೆ. ಬಾಡಿಗೆ ಮನೇಲಿ ಇವತ್ ಮಾಡ್ದಿದ್ರೆ ನಾಳೆ ಇರ್ತೀವೋ ಇಲ್ವೋ ಅಂತ ಬಡ್ಕಂಡು ಮಾಡ್ತಿದ್ದೆ. ಇದು ನಂದು ಕಣೇ. ಯಾವನೂ ಬಂದು ಏಳು ಅನ್ನಂಗಿಲ್ಲ. ಬೆಳಗಾನ ಎದ್ದು ಗೋಡೆ ನೋಡ್ತೀನಿ, ಮಾಡಿದ್ರಾಯ್ತು ಬಿಡು ಅನ್ಕೋತೀನಿ. ಹಂಗನ್ಕೊಳ್ಳೋದೇ ಒಂದು ಖುಷಿ."

"ಹಂಗಂತ ಹಿಂಗೇ ಬಿಡ್ತೀಯಾ?"

"ಬಿಡ್ತೀನಾ? ದೀಪಾವಳಿಗೆ ಬಾ, ಗುರ್ತು ಸಿಕ್ಕಲ್ಲ ನಿಂಗೆ. ಈ ಸಲ ಯಾರ ಡಬ್ಬದ ತಳಾನೂ ಕೆರೆಯಲ್ಲ. ಅಂಗ್ಡೀಗೋಗಿ, ಬಣ್ಣದ ಪುಸ್ತಕ ಕೊಡಪ್ಪ ಅಂತ ಇಸ್ಕೊಂಡು, ಸ್ಟೂಲ್ ಹಾಕ್ಕೊಂಡು ಕೂತು, ನಾನೇ ಆರಿಸ್ತೀನಿ."

"ಯಾವ ಬಣ್ಣ?"

ಗೌರಕ್ಕ ಯೋಚನೆ ಮಾಡಿದಳು. ಹುಡುಗಿಯ ಹಾಗೆ ನಾಚಿಕೊಂಡು, "ಅದೇ ಗೊತ್ತಾಗ್ತಿಲ್ಲ ಮಿಸ್ಸು. ಸಿಕ್ಕಿದ್ ಬಣ್ಣಾನೇ ಚೆಂದ ಮಾಡ್ಕೊಂಡು ಬಂದೋಳು ನಾನು. ನಂಗ್ಯಾವ್ದು ಇಷ್ಟ ಅಂತ ಯಾರೂ ಕೇಳಿಲ್ಲ, ನಾನೂ ಕೇಳ್ಕೊಂಡಿಲ್ಲ. ಇರು, ನಿಧಾನ್ಕೆ ಯೋಚ್ನೆ ಮಾಡ್ತೀನಿ" ಎಂದಳು. ಸಂಜೆಯ ಬಸ್ಸಿಗೆ ನನ್ನನ್ನು ಹತ್ತಿಸಿ, ಕಿಟಕಿಯ ಹತ್ತಿರ ಬಂದು, "ದೀಪಾವಳಿಗೆ ತಪ್ಪಿಸ್ಬ್ಯಾಡ" ಎಂದು ಮತ್ತೆ ಹೇಳಿದಳು.

ದೀಪಾವಳಿಗೆ ಇನ್ನೂ ದಿನವಿತ್ತು, ಗೌರಿಹಬ್ಬವೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಶಿವಣ್ಣನ ಫೋನು ಬಂತು. ಹಿಟ್ಟು ಕಲಸುತ್ತಿದ್ದ ಗೌರಕ್ಕ ಎದೆ ಹಿಡಿದುಕೊಂಡು ಕೂತಳಂತೆ. ಆಟೋ ಹತ್ತಿಸುವಷ್ಟರಲ್ಲಿ ಮುಗಿದುಹೋಗಿತ್ತು.

ಸೂತಕ ಕಳೆಯುವ ದಿನ ಹೋದೆ. ಆ ಕಡೆ ಸಾವಾದ ಮನೆಗೆ ಅವತ್ತು ನೀರು ಹಾಕಿ ತೊಳೆದು ಗೋಡೆಗೆ ಸುಣ್ಣ ಬಳಿಯುತ್ತಾರೆ. ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ಒಂದು ಬಕೆಟ್ಟಿನಲ್ಲಿ ಸುಣ್ಣ ಕದಡಿ ಇಟ್ಟಿದ್ದರು. ನರ್ಸಿಂಗ್ ಓದುತ್ತಿದ್ದ ಸಹನಾ ಚೂಡಿದಾರದ ತೋಳು ಮಡಚಿಕೊಂಡು ಕುಂಚ ಹಿಡಿದು ಗೋಡೆಯ ಮುಂದೆ ನಿಂತಿದ್ದಳು, ಬಳಿಯಲು ಶುರುಮಾಡಿರಲಿಲ್ಲ. ನೆಂಟರ ಹೆಂಗಸೊಬ್ಬರು "ಬೇಗ ಆಗ್ಲಿ ಕಣವ್ವ, ಐನೋರು ಬರೋ ಹೊತ್ತಾಯ್ತು" ಎನ್ನುತ್ತಿದ್ದರು. ನನ್ನನ್ನು ಕಂಡದ್ದೇ ಸಹನಾ ಓಡಿ ಬಂದಳು.

"ಆಂಟಿ, ಅಂಗಡಿ ತೆಗೆದಿರುತ್ತೆ. ಸುಣ್ಣಕ್ಕೆ ಹಾಕೋ ಬಣ್ಣ ತರಿಸ್ತೀನಿ. ಅಮ್ಮ ನಮ್ಮ ಹತ್ರ ಹೇಳಿರ್ಲಿಲ್ಲ, ನಿಮ್ಮ ಹತ್ರ ಹೇಳಿರ್ತಾಳೆ. ಯಾವ ಬಣ್ಣ ಅಂದಿದ್ಲು?"

ಶಿವಣ್ಣನೂ ನನ್ನ ಮುಖ ನೋಡುತ್ತಿದ್ದ. ಏನಾದರೂ ಒಂದು ಹೇಳಿಬಿಡೋಣ ಅನ್ನಿಸಿತು. ತಿಳಿಹಸಿರು ಅಂದಿದ್ದರೆ ಆ ಹುಡುಗಿ ಅದನ್ನೇ ತರಿಸಿ ಬಳಿಯುತ್ತಿದ್ದಳು.

"ಇನ್ನೂ ಆರಿಸಿರಲಿಲ್ಲ ಕಣಮ್ಮ" ಎಂದೆ.

ಸಹನಾ ಗೋಡೆಯ ಕಡೆ ತಿರುಗಿದಳು. ಆಮೇಲೆ ಕುಂಚವನ್ನು ಬಕೆಟ್ಟಿಗೆ ಅದ್ದಿದಳು. ಗೌರಕ್ಕನ ಸ್ವಂತ ಮನೆಗೆ ಬಿದ್ದ ಮೊದಲ ಬಣ್ಣ ಅವಳ ಸೂತಕ ಕಳೆಯುವ ಬಿಳಿ ಸುಣ್ಣ.